ಮುಚ್ಚಿದ ಅಂಗಡಿಗಳ ಪಟ್ಟಿ ಎಲ್ಲಿ?

ಫ್ರಾಂಚೈಸಿ ಮಾರಲು ಬರುವವರಿಗೆ ಮೈಸೂರಿನ ಲಕ್ಷ್ಮೀಪುರಂನಂಥ ಬಡಾವಣೆ ಹೇಳಿಮಾಡಿಸಿದ ಜಾಗ. ರಸ್ತೆಗೆ ಮುಖ ಮಾಡಿದ ಸ್ವಂತ ಮನೆ, ನಿವೃತ್ತಿಯಾದಾಗ ಕೈಗೆ ಬಂದ ಇಡಿಗಂಟು, ಬೆಂಗಳೂರಿನ ಕೆಲಸ ಸಾಕೆಂದು ವಾಪಸು ಬಂದ ಮಗ. ಈ ಮೂರೂ ಒಂದೇ ಸೂರಿನಡಿ ಸಿಗುವ ಮನೆಗಳು ಬಲ್ಲಾಳ್ ವೃತ್ತದ ಆಸುಪಾಸಿನಲ್ಲಿ ಬೇಕಾದಷ್ಟಿವೆ. ಚಹಾದಂಗಡಿ, ದೋಸೆ ಕೌಂಟರ್, ಔಷಧಿ ಅಂಗಡಿ, ಪುಟಾಣಿ ಮಕ್ಕಳ ಶಾಲೆ, ಹೀಗೆ ಸರಕು ಯಾವುದಾದರೂ ಆಗಬಹುದು. ಅದನ್ನು ಮಾರುವ ಮಾತಿನ ಧಾಟಿ ಮಾತ್ರ ಒಂದೇ. ಆ ಧಾಟಿಯನ್ನು ಒಂದು ಬರವಣಿಗೆಯಂತೆ ಓದಿ ಬೆಲೆ ಕಟ್ಟಬೇಕು ಅನ್ನಿಸುತ್ತದೆ. ಏಕೆಂದರೆ ಅದನ್ನು ನಂಬಿ ಜನ ಜೀವಮಾನದ ಉಳಿತಾಯವನ್ನೇ ಹಾಕುತ್ತಾರೆ.

ಮೊದಲಿಗೆ ಅದರಲ್ಲಿರುವ ಒಳ್ಳೆಯದನ್ನು ಒಪ್ಪಿಕೊಳ್ಳೋಣ. ಅಡುಗೆಯ ಅಳತೆ, ಯಂತ್ರಗಳ ಆಯ್ಕೆ, ಸಾಮಾನು ಪೂರೈಕೆ, ಹುಡುಗರಿಗೆ ತರಬೇತಿ, ಜನರ ಬಾಯಲ್ಲಿರುವ ಒಂದು ಹೆಸರು. ಅನುಭವವಿಲ್ಲದವನಿಗೆ ಇವು ನಿಜಕ್ಕೂ ಬೆಲೆಯುಳ್ಳವು, ಅದಕ್ಕೆ ಹಣ ಕೇಳುವುದರಲ್ಲಿ ತಪ್ಪೇನೂ ಇಲ್ಲ. ನನ್ನ ತಕರಾರು ಇರುವುದು ಬ್ರೋಷರಿನ ನಡುಪುಟದಲ್ಲಿ, ಲಾಭದ ಕೋಷ್ಟಕದಲ್ಲಿ.

ಇಂಥ ಕೋಷ್ಟಕ ಹೇಗಿರುತ್ತದೆ ಎಂಬುದಕ್ಕೆ ಒಂದು ಮಾದರಿ ಲೆಕ್ಕ ಹಾಕೋಣ. ಬಂಡವಾಳ 20 ಲಕ್ಷ. ದಿನದ ವ್ಯಾಪಾರ 10,000, ತಿಂಗಳಿಗೆ 3 ಲಕ್ಷ. ಸಾಮಾನಿಗೆ ಶೇ. 40, ಅಂದರೆ 1,20,000. ಬಾಡಿಗೆ 35,000, ಮೂವರ ಸಂಬಳ 45,000, ಕರೆಂಟು ಗ್ಯಾಸು ಇತ್ಯಾದಿ 15,000, ಶೇ. 6ರ ರಾಯಲ್ಟಿ 18,000. ಉಳಿಯುವುದು 67,000. ಎರಡೂವರೆ ವರ್ಷದಲ್ಲಿ ಹಾಕಿದ ದುಡ್ಡು ವಾಪಸು ಎಂದು ಕೆಳಗೆ ದಪ್ಪಕ್ಷರದಲ್ಲಿ ಬರೆದಿರುತ್ತದೆ.

ಈಗ ದಿನದ ವ್ಯಾಪಾರವನ್ನು 6,000ಕ್ಕೆ ಇಳಿಸಿ ನೋಡಿ. ಆಷಾಢದ ಜಡಿಮಳೆಯಲ್ಲಿ, ಮಕ್ಕಳ ಪರೀಕ್ಷೆಯ ದಿನಗಳಲ್ಲಿ, ಎದುರಿಗೇ ಇನ್ನೊಂದು ಅಂಗಡಿ ತೆರೆದಾಗ ವ್ಯಾಪಾರ ಇಷ್ಟಕ್ಕಿಳಿಯುವುದು ದೊಡ್ಡ ವಿಷಯವಲ್ಲ. ತಿಂಗಳಿಗೆ 1,80,000. ಸಾಮಾನಿಗೆ 72,000. ಬಾಡಿಗೆ, ಸಂಬಳ, ಕರೆಂಟು ಒಂದು ಪೈಸೆಯೂ ಇಳಿಯುವುದಿಲ್ಲ. ರಾಯಲ್ಟಿ 10,800, ಅದರ ಮೇಲೆ ಶೇ. 18ರಂತೆ 1,944 ಜಿಎಸ್‌ಟಿ. ಶೇ. 5 ತೆರಿಗೆ ವಸೂಲಿ ಮಾಡುವ ಮಾಮೂಲಿ ಹೋಟೆಲಿಗೆ ಹೂಡುವಳಿ ತೆರಿಗೆಯ (ಇನ್‌ಪುಟ್ ಟ್ಯಾಕ್ಸ್) ಜಮೆ ಸಿಗುವುದಿಲ್ಲವಾದ್ದರಿಂದ ಆ 1,944 ಕೂಡ ಅಂಗಡಿಯವನ ಕಿಸೆಯಿಂದಲೇ ಹೋಗುತ್ತದೆ. ಕೋಷ್ಟಕದಲ್ಲಿ ಇದರ ಸುದ್ದಿಯೇ ಇರಲಿಲ್ಲ. ಎಲ್ಲ ಕಳೆದು ತಿಂಗಳ ಕೊನೆಗೆ ಉಳಿಯುವುದು 256 ರೂಪಾಯಿ.

ಅದೇ ತಿಂಗಳು ಕಂಪನಿಗೆ 10,800 ರೂಪಾಯಿ ಬಂದಿರುತ್ತದೆ. ರಾಯಲ್ಟಿ ಬೀಳುವುದು ವ್ಯಾಪಾರದ ಮೇಲೆ, ಲಾಭದ ಮೇಲಲ್ಲ. ಗಲ್ಲಾದಲ್ಲಿ ಕುಳಿತವನ ದುಡಿಮೆಗೆ ಕೂಲಿಯಿಲ್ಲ, ಯಂತ್ರದ ಸವಕಳಿ ಲೆಕ್ಕಕ್ಕಿಲ್ಲ, ಮನೆಬಾಗಿಲಿಗೆ ತಲುಪಿಸುವ ಆ್ಯಪ್‌ಗಳ ಕಮಿಷನ್ ಸೇರಿಲ್ಲ. ಆ 20 ಲಕ್ಷವನ್ನು ಶೇ. 7ರ ಬಡ್ಡಿಗೆ ಠೇವಣಿ ಇಟ್ಟಿದ್ದರೆ ವರ್ಷಕ್ಕೆ 1,40,000 ಬರುತ್ತಿತ್ತು. ಸ್ವಂತ ಮನೆಯಾದರೆ ಬಾಡಿಗೆ ಉಳಿಯಿತಲ್ಲ ಎಂದು ಮಾರುವವರು ಹೇಳುತ್ತಾರೆ. ಅದೂ ಸರಿಯಲ್ಲ. ಬೇರೆಯವರಿಗೆ ಕೊಟ್ಟಿದ್ದರೆ ಬರುತ್ತಿದ್ದ ಬಾಡಿಗೆಯನ್ನೇ ನಾವು ಬಿಟ್ಟುಕೊಟ್ಟಿರುತ್ತೇವೆ.

ಕೋಷ್ಟಕ ಸುಳ್ಳೆಂದು ನಾನು ಹೇಳುತ್ತಿಲ್ಲ. ದಿನಕ್ಕೆ 10,000 ವ್ಯಾಪಾರ ಮಾಡುವ ಅಂಗಡಿ ಎಲ್ಲೋ ಇದ್ದೇ ಇರುತ್ತದೆ. ನೂರು ಮಳಿಗೆ ತೆರೆದಿದ್ದೇವೆ ಎನ್ನುವ ಸಾಲು ಕೂಡ ನಿಜವಿರಬಹುದು. ಆದರೆ ಎಷ್ಟು ಮುಚ್ಚಿದವು ಎಂಬ ಸಾಲು ಯಾವ ಪುಟದಲ್ಲೂ ಇರುವುದಿಲ್ಲ. ಈ ಪ್ರಚಾರದ ಮೂಲದೋಷ ಅದೇ. ತುಂಬಿ ತುಳುಕುವ ಅಂಗಡಿಯ ಮಾಲೀಕನನ್ನು ವೇದಿಕೆಗೆ ಕರೆಸುತ್ತಾರೆ. ಬೋರ್ಡು ಇಳಿಸಿದವನ ಫೋನ್ ನಂಬರು ಕೇಳಿದರೆ ಮಾತು ತಿರುಗಿಸುತ್ತಾರೆ.

ಅಮೆರಿಕದಲ್ಲಿ 1979ರಿಂದಲೇ ಇದಕ್ಕೆ ಒಕ್ಕೂಟ ಸರ್ಕಾರದ ನಿಯಮವಿದೆ. ಸಹಿ ಹಾಕುವ ಅಥವಾ ಹಣ ಕಟ್ಟುವ ಕನಿಷ್ಠ 14 ದಿನ ಮೊದಲೇ ಪೂರ್ತಿ ಮಾಹಿತಿಯ ಕಡತ ಕೈಗೆ ಕೊಡಬೇಕು. ಹಿಂದಿನ ಮೂರು ವರ್ಷಗಳಲ್ಲಿ ತೆರೆದ, ಮುಚ್ಚಿದ, ಕೈಬದಲಾದ ಮಳಿಗೆಗಳ ಲೆಕ್ಕ ಅದರಲ್ಲಿರಬೇಕು. ಕಳೆದ ಹಣಕಾಸು ವರ್ಷದಲ್ಲಿ ಬಿಟ್ಟುಹೋದವರ ಹೆಸರು, ಸಂಪರ್ಕದ ವಿವರವೂ ಇರಬೇಕು. ಗಳಿಕೆಯ ಅಂಕಿ ಹೇಳುವುದಾದರೆ ಅದಕ್ಕೆ ಆಧಾರವಿರಬೇಕು. ನಮ್ಮಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾಯ್ದೆ ಇಲ್ಲ. ಮೋಸ, ತಪ್ಪು ನಿರೂಪಣೆ ಎಂದು 1872ರ ಕರಾರು ಕಾಯ್ದೆಯ 17, 18ನೇ ಕಲಂಗಳನ್ನು ಹಿಡಿದು ಹೋಗಬೇಕು. ಅದೂ ಹಣ ಕಳೆದುಕೊಂಡ ಮೇಲೆ. ಫ್ಲ್ಯಾಟು ಮಾರುವ ಬಿಲ್ಡರು ರೇರಾದಲ್ಲಿ ನೋಂದಾಯಿಸಿ ನಕ್ಷೆ, ಗಡುವು ಎಲ್ಲವನ್ನೂ ಬಹಿರಂಗಪಡಿಸಬೇಕೆಂದು 2016ರ ಕಾಯ್ದೆ ಹೇಳುತ್ತದೆ. ಅಂಗಡಿಯ ಕನಸು ಮಾರುವವನಿಗೆ ಅಂಥ ಯಾವ ಕಟ್ಟುಪಾಡೂ ಇಲ್ಲ ಎಂಬುದು ನನಗೆ ಅನ್ಯಾಯವಾಗಿ ಕಾಣುತ್ತದೆ.

ಕಾನೂನು ಇಲ್ಲದಿದ್ದರೂ ನೇರವಾಗಿ ಮಾತಾಡಲು ಸಾಧ್ಯ ಎಂಬುದಕ್ಕೆ ಅಮುಲ್ ಉದಾಹರಣೆ. ತನ್ನ ಮಳಿಗೆ ನಡೆಸಲು ಬರುವವರಿಗೆ ಅದು ರಾಯಲ್ಟಿ ಇಲ್ಲವೆಂದು ಹೇಳಿ, ಪ್ಯಾಕೆಟ್ ಹಾಲಿಗೆ ಶೇ. 2.5, ಹಾಲಿನ ಉತ್ಪನ್ನಗಳಿಗೆ ಶೇ. 10, ಐಸ್‌ಕ್ರೀಮಿಗೆ ಶೇ. 20 ಎಂದು ಸರಾಸರಿ ಕಮಿಷನ್ ಪ್ರಕಟಿಸಿದೆ. ಎರಡೂವರೆ ಎಂಬ ಚಿಕ್ಕ ಅಂಕಿಯನ್ನೂ ಮುಚ್ಚಿಡದಿರುವುದು ನನಗೆ ಮೆಚ್ಚುಗೆಯಾದ ಸಂಗತಿ. ಬರೀ ಹಾಲು ಮಾರಿ ಬದುಕಲಾಗದು ಎಂಬುದನ್ನು ಓದುವವನು ತಾನೇ ಲೆಕ್ಕಹಾಕಿಕೊಳ್ಳಬಹುದು. ಇದೇ ಹೆಸರಿನ ಮೇಲಿನ ನಂಬಿಕೆಯನ್ನು ದೋಚಲು ನಕಲಿ ಜಾಲತಾಣಗಳೂ ಹುಟ್ಟಿಕೊಂಡವು. ಫ್ರಾಂಚೈಸಿ ಕೊಡಿಸುತ್ತೇವೆಂದು ಅವು ಜನರಿಂದ ಹಣ ಕಟ್ಟಿಸಿಕೊಂಡವು. 2020ರಲ್ಲಿ ದೆಹಲಿ ಹೈಕೋರ್ಟು ಅಂಥ ತಾಣಗಳನ್ನು ತಡೆಹಿಡಿಯಲು ಆದೇಶಿಸಬೇಕಾಯಿತು.

ನಮ್ಮ ನಾಡಿನದೇ ಇನ್ನೊಂದು ದಾರಿಯೂ ಇದೆ. 1983ರಲ್ಲಿ ಆರ್. ಪ್ರಭಾಕರ್ ಬೆಂಗಳೂರಿನ ಜಯನಗರದಲ್ಲಿ ಕೆಫೆ ದರ್ಶಿನಿ ತೆರೆದರು. ಕೂಪನ್ನು, ಕಣ್ಣಿಗೆ ಕಾಣುವ ಅಡುಗೆಮನೆ, ನಿಂತು ತಿನ್ನುವ ಕಟ್ಟೆ. ಈ ವ್ಯವಸ್ಥೆಯನ್ನು ಊರೂರಿನವರು ನೋಡಿ ಕಲಿತರು, ಎಷ್ಟೋ ಜನರಿಗೆ ಪ್ರಭಾಕರ್ ಅವರೇ ಮಾರ್ಗದರ್ಶನ ಮಾಡಿದರು. ದರ್ಶಿನಿ ಎಂಬ ಹೆಸರನ್ನು ಯಾರು ಬೇಕಾದರೂ ಇಟ್ಟುಕೊಂಡರು. ಪ್ರತಿ ಪ್ಲೇಟ್ ಇಡ್ಲಿಯಿಂದ ಯಾರಿಗೋ ಪಾಲು ಕಳಿಸುವ ಕರಾರಿಲ್ಲದೆಯೂ ಒಂದು ಮಾದರಿ ಇಡೀ ರಾಜ್ಯಕ್ಕೆ ಹಬ್ಬಿತು. ಅಡುಗೆ ಬಲ್ಲವನು ಬ್ರೋಷರಿಗೆ ಸಹಿ ಹಾಕುವ ಮೊದಲು ಈ ಸಾಧ್ಯತೆಯನ್ನೂ ಯೋಚಿಸುವುದು ಒಳ್ಳೆಯದು.

ಇತ್ತೀಚೆಗೆ ಇನ್ನೊಂದು ಬಗೆ ಬಂದಿದೆ: ಹಣ ನಿಮ್ಮದು, ಅಂಗಡಿ ನಡೆಸುವುದು ಕಂಪನಿ, ನೀವು ಮನೆಯಲ್ಲಿ ಕುಳಿತಿರಿ, ತಿಂಗಳು ತಿಂಗಳು ಇಷ್ಟು ಬರುತ್ತದೆ. ಹಿರಿಯರಿಗೆ ಇದು ಹಿತವಾಗಿ ಕೇಳಿಸುತ್ತದೆ, ಆದರೆ ಇರುವುದರಲ್ಲೆಲ್ಲ ಹೆಚ್ಚು ಅಪಾಯ ಇದರಲ್ಲೇ. ವಾಣಿಜ್ಯ ಉದ್ದೇಶಕ್ಕೆ ಕೊಂಡವರನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಗ್ರಾಹಕರೆಂದು ಪರಿಗಣಿಸುವುದಿಲ್ಲ. ಸ್ವಂತ ದುಡಿಮೆಯಿಂದ ಜೀವನ ಸಾಗಿಸುವವನಿಗಷ್ಟೇ ಅಲ್ಲಿ ಒಂದು ಸಣ್ಣ ವಿನಾಯಿತಿ. ಮನೆಯಲ್ಲಿ ಕುಳಿತ ಹೂಡಿಕೆದಾರ ಆ ವಿನಾಯಿತಿಯನ್ನು ಕೇಳುವುದೂ ಕಷ್ಟ. ಕರಾರಿನ ಕೊನೆಯ ಪುಟಗಳಲ್ಲಿ ವ್ಯಾಜ್ಯವೇನಿದ್ದರೂ ದೆಹಲಿಯಲ್ಲೋ ಮುಂಬೈಯಲ್ಲೋ ಮಧ್ಯಸ್ಥಿಕೆಯ ಮೂಲಕವೇ ಬಗೆಹರಿಯಬೇಕು ಎಂಬ ಷರತ್ತಿದ್ದರೆ, ತಿಂಗಳ ಹಣ ನಿಂತ ದಿನ ಲಕ್ಷ್ಮೀಪುರಂನ ಹಿರಿಯರು ರೈಲು ಹತ್ತಿ ಅಲ್ಲಿಗೇ ಹೋಗಬೇಕು, ವಕೀಲರನ್ನು ಅಲ್ಲೇ ಹಿಡಿಯಬೇಕು, ಮಧ್ಯಸ್ಥಗಾರರ ಶುಲ್ಕದಲ್ಲಿ ತಮ್ಮ ಪಾಲನ್ನೂ ಕಟ್ಟಬೇಕು.