ವಂಶವಾಹಿ, ಮನೆಮಾತು ಮತ್ತು ಆವತಿಯ ವಲಸೆಕಥನ

ದೇವನಹಳ್ಳಿ ತಾಲ್ಲೂಕಿನ ಆವತಿಯ ನಾಡಪ್ರಭುಗಳ ಮೂಲಪುರುಷರು ಕಂಚಿಯ ಕಡೆಯಿಂದ ವಲಸೆ ಬಂದರೆಂಬ ಐತಿಹ್ಯ ಪ್ರಸಿದ್ಧವಾದುದು. ಇದರ ಆಧಾರದಿಂದ ಮೊರಸು ಒಕ್ಕಲಿಗರ ಮನೆಮಾತಿನ ಮೂಲವನ್ನು ನಿರ್ಣಯಿಸುವ ಆಸೆ ಸಹಜ. ಐತಿಹ್ಯಕ್ಕೆ ಇಂದು ತಳಿವಿಜ್ಞಾನದ ಬೆಂಬಲ ದೊರೆತರೆ ವಾದ ಮುಗಿಯಿತೆಂದು ಭಾವಿಸುವುದೂ ಸಹಜ. ಆದರೆ ಇಲ್ಲಿ ಕುಲ ಮತ್ತು ನುಡಿ ಎಂಬ ಎರಡು ಬೇರೆ ಪ್ರಶ್ನೆಗಳು ಒಂದಾಗಿಬಿಡುತ್ತವೆ.

ಹೊರಗಿನವರ ಬೆರಕೆ ಕಡಿಮೆಯಾದ ದ್ವೀಪಗಳಲ್ಲಾದರೂ ಇವೆರಡೂ ಜೊತೆಯಾಗಿ ಸಾಗಿರಬೇಕೆಂಬುದು ಸಾಮಾನ್ಯ ನಿರೀಕ್ಷೆ. ಅಂಡಮಾನ್ ಈ ನಿರೀಕ್ಷೆಯನ್ನು ಸುಳ್ಳಾಗಿಸಿದೆ. ಹೈದರಾಬಾದಿನ ಕೆ. ತಂಗರಾಜ್ ಮತ್ತು ಸಂಗಡಿಗರು 2005ರಲ್ಲಿ ಓಂಗೆ ಹಾಗೂ ಗ್ರೇಟ್ ಅಂಡಮಾನಿಗಳಲ್ಲಿ ಅತಿಪ್ರಾಚೀನವಾದ ತಾಯಿಕಡೆಯ ವಂಶಾವಳಿಗಳನ್ನು ಗುರುತಿಸಿದರು. ಆದರೆ ಗ್ರೇಟ್ ಅಂಡಮಾನಿಗಳ ‘ಬೋ’ ನುಡಿ 2010ರಲ್ಲಿ ತನ್ನ ಕೊನೆಯ ಮಾತುಗಾರ್ತಿ ಬೋವಾ ಅವರೊಡನೆ ಅಳಿಯಿತು. ಉಳಿದವರ ನಿತ್ಯವ್ಯವಹಾರ ಬಹುಮಟ್ಟಿಗೆ ಹಿಂದಿಯಲ್ಲಿ. ರಕ್ತದ ಗುರುತು ಉಳಿಯಿತು, ಮಾತು ಹೋಯಿತು. ದಕ್ಷಿಣ ಭಾರತದ ಪ್ರಾಚೀನ ಜನಾಂಶಕ್ಕೆ ಓಂಗೆಗಳು ದೂರದ ಸಂಬಂಧಿಗಳೆಂದು 2009ರ ಇನ್ನೊಂದು ಅಧ್ಯಯನ ತೋರಿಸಿತು. ಅದರಿಂದ ಓಂಗೆ ನುಡಿಯೂ ಕನ್ನಡವೂ ಬಂಧುಗಳೆಂದು ತೀರ್ಮಾನಿಸುವುದು ಅವಸರವಾದೀತು.

ನಮ್ಮಲ್ಲಿಯೇ ಒಳನಾಡಿನ ದ್ವೀಪವೊಂದಿದೆ. ಯಲ್ಲಾಪುರ, ಹಳಿಯಾಳಗಳ ಸಿದ್ದಿಯರ ಪೂರ್ವಿಕರಲ್ಲಿ ಹೆಚ್ಚಿನ ಪಾಲು ಆಫ್ರಿಕದ ಬಂಟು ನುಡಿಗಳ ಜನಕ್ಕೆ ಸಮೀಪವೆಂದು 2011ರ ತಳಿಶೋಧನೆ ಹೇಳುತ್ತದೆ. ಅವರ ಮನೆಮಾತಾದರೋ ಹೆಚ್ಚಾಗಿ ಕೊಂಕಣಿ. ಜೊತೆಗೆ ಕನ್ನಡ, ಮರಾಠಿ. ದೂರದಿಂದ ಬಂದ ಪೂರ್ವಿಕರ ಗುರುತು ಮೈಯಲ್ಲಿದೆ, ನೆರೆಹೊರೆಯ ಗುರುತು ನಾಲಗೆಯಲ್ಲಿದೆ.

ಹೀಗಿರಲು ಆವತಿಯ ವಲಸೆಯನ್ನು ರಕ್ತಪರೀಕ್ಷೆ ನಾಳೆ ಸಮರ್ಥಿಸಿದರೂ ಬಂದವರು ಯಾವ ಮಾತಾಡುತ್ತಿದ್ದರೆಂಬುದು ತಿಳಿಯದು. ಮೊರಸು ಸಮುದಾಯದಲ್ಲಿಯೇ ಕೆಲವರದು ಕನ್ನಡ, ಕೆಲವರದು ತೆಲುಗು. ಶಾಸನವನ್ನೂ ಎಚ್ಚರದಿಂದ ಬಳಸಬೇಕು. ರೈಸ್ 1905ರಲ್ಲಿ ಪ್ರಕಟಿಸಿದ ಬೆಂಗಳೂರು ಜಿಲ್ಲೆಯ ಶಾಸನಸಂಪುಟದಲ್ಲಿ ಹೊಸಕೋಟೆ, ನೆಲಮಂಗಲಗಳ ತಮಿಳು ಶಾಸನಗಳಿವೆ. ಅವು ಆಡಳಿತದ, ದೇವಾಲಯದತ್ತಿಯ ಭಾಷೆಯನ್ನು ಹೇಳುತ್ತವೆ, ಉಳುವವನ ಮನೆಮಾತನ್ನಲ್ಲ. (ಇಂದಿನ ಸರ್ಕಾರಿ ಫಲಕಗಳನ್ನಷ್ಟೇ ಓದಿ ಹೊಸಕೋಟೆಯ ಮನೆಮಾತುಗಳನ್ನು ಎಣಿಸಲಾದೀತೆ?) ಯಾವ ಮನೆತನದಲ್ಲಿ, ಯಾವ ತಲೆಮಾರಿನಲ್ಲಿ, ಯಾವ ಊರಿನಿಂದ ಸೊಸೆ ಬಂದ ಬಳಿಕ ಮಾತು ಬದಲಾಯಿತೆಂಬುದನ್ನು ಹಳ್ಳಿವಾರು ದಾಖಲಿಸುವ ಕೆಲಸ ಮೊದಲು ಆಗಬೇಕು. ಅಜ್ಜಿಯಂದಿರು ಇನ್ನೂ ತೆಲುಗಿನಲ್ಲಿ ಲೆಕ್ಕ ಎಣಿಸುವ ಮನೆಗಳಿಂದಲೇ ಅದನ್ನು ಆರಂಭಿಸಬಹುದು.