ಹತ್ತಕ್ಕೆ ಏಳು

ಹೊಸ ಆಟ ಬಂತೆಂದರೆ ನನ್ನ ಸೋದರಳಿಯ ಮೊದಲು ಕೇಳುವುದು ಒಂದೇ ಪ್ರಶ್ನೆ: ‘ಮಾವ, ಎಷ್ಟು ಬಂದಿದೆ?’ ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಪಕ್ಕದ ಮನೆಯವರು ಕೇಳುವ ಧಾಟಿ. ತೊಂಬತ್ತು ದಾಟಿದ್ದರೆ ಅವನ ಕಣ್ಣರಳುತ್ತದೆ. ಎಪ್ಪತ್ತೆಂದರೆ ಮುಖ ಆಚೆ ತಿರುಗುತ್ತದೆ. ಗೋಪಾಳದ ಮನೆಯ ಮಹಡಿ ಕೋಣೆಯಲ್ಲಿ, ಹಳೆಯ ಗೇಮ್ ಪತ್ರಿಕೆಗಳ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂತ ನಾನು ಅವನಿಗೆ ಏನು ಹೇಳಲಿ? ಅಂಕವೆಂದರೆ ಬಾಳೆಲೆಯ ತುದಿಗೆ ಬಡಿಸಿದ ಉಪ್ಪು. ಊಟ ಇನ್ನೂ ಮುಂದಿದೆ, ಮಾರಾಯ.

ಆಡುವುದಕ್ಕಿಂತ ಆಟದ ವಿಮರ್ಶೆ ಓದುವುದರಲ್ಲೇ ನನಗೆ ಗುಲಗಂಜಿಯಷ್ಟು ಸುಖ ಹೆಚ್ಚು. ಒಲೆ ಹಚ್ಚಲು ಬಾರದವನಿಗೂ ಅಡುಗೆಯ ಮಾತು ಕೇಳಿದರೆ ಬಾಯಲ್ಲಿ ನೀರೂರುವುದಿಲ್ಲವೆ, ಹಾಗೆ. ಚಿಕ್ಕಂದಿನಲ್ಲಿ ಕೋಟೆ ಮಾರಿಕಾಂಬೆ ಜಾತ್ರೆಯಲ್ಲಿ ಕೊಂಡ, ಇಟ್ಟಿಗೆ ಜೋಡಿಸುವ ಆಟದ ಪುಟ್ಟ ಯಂತ್ರವೊಂದು ನನ್ನ ಬಳಿ ಇತ್ತು. ಬೂದು ಪರದೆ, ಹಳದಿ ಗುಂಡಿ, ಕೀರಲು ಸಂಗೀತ. ಅದಕ್ಕೆ ಯಾರೂ ವಿಮರ್ಶೆ ಬರೆದಿರಲಿಲ್ಲ. ಹೆಗಲ ಮೇಲಿಂದ ಇಣುಕುತ್ತಿದ್ದ ಗೆಳೆಯನೇ ವಿಮರ್ಶಕ: ‘ಸ್ಪೀಡು ಒಂಬತ್ತಕ್ಕಿಡೋ, ಆಗ ಗೊತ್ತಾಗುತ್ತೆ ಮಜಾ.’ ಎಷ್ಟೋ ವರ್ಷದ ಮೇಲೆ 1989ರ ಗೇಮ್ ಬಾಯ್ ಬಗ್ಗೆ, ಅದರ ಪಾಚಿಬಣ್ಣದ ಪರದೆಯ ನಾಲ್ಕೇ ನಾಲ್ಕು ಛಾಯೆಗಳ ಬಗ್ಗೆ, ಅದರಲ್ಲಿ ಮೆರೆದ ಟೆಟ್ರಿಸ್ ಬಗ್ಗೆ ಓದುತ್ತಿದ್ದಾಗ, ನನ್ನ ಜಾತ್ರೆಯ ಆಟಿಕೆಯೂ ಇದೇ ಮನೆತನದ ಬಡ ಕೂಸು ಎಂದು ತಿಳಿದು ಎದೆ ಬೆಚ್ಚಗಾಯಿತು.

ನಮ್ಮ ಹಳೆಯ ಕಾವ್ಯಮೀಮಾಂಸಕರು ಪಾಕಗಳನ್ನು ಹೇಳುತ್ತಾರಲ್ಲ, ದ್ರಾಕ್ಷಿ, ಬಾಳೆ, ತೆಂಗಿನಕಾಯಿ ಎಂದು? ಆಟಗಳಿಗೂ ಅದು ಎಷ್ಟು ಸೊಗಸಾಗಿ ಒಪ್ಪುತ್ತದೆ! ಟೆಟ್ರಿಸ್ ಅಪ್ಪಟ ದ್ರಾಕ್ಷಾಪಾಕ. ನಾಲಿಗೆಗೆ ತಾಗಿದೊಡನೆ ರಸ. 2000ದಲ್ಲಿ ಪ್ಲೇಸ್ಟೇಷನ್‌ಗೆ ಬಂದ ‘ವೇಗ್ರಂಟ್ ಸ್ಟೋರಿ’ ನಾರಿಕೇಳಪಾಕ. ನಾರು ಸುಲಿದು, ಕರಟ ಒಡೆದು, ಆಮೇಲೆ ಎಳನೀರು. ಒಳ್ಳೆಯ ವಿಮರ್ಶಕ ಅಂಕ ಹೇಳುವ ಮೊದಲೇ ಇದು ಯಾವ ಪಾಕ, ಹಲ್ಲಿಗೋ ನಾಲಿಗೆಗೋ ಎಂಬುದನ್ನು ತನ್ನ ವಾಕ್ಯದ ನಡಿಗೆಯಿಂದಲೇ ತಿಳಿಸಿಬಿಡುತ್ತಾನೆ.

ನನ್ನ ಕಟ್ಟಿನಲ್ಲಿ ಮೇಲೆ ಕೂತಿರುವುದು 1993ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ‘ಎಡ್ಜ್’ನ ಸಂಚಿಕೆಗಳು. ನುಣುಪು ಕಾಗದ, ಮಲೆನಾಡಿನ ಮಳೆಗೆ ತುಸು ಅಲೆಯೆದ್ದ ಅಂಚು. ಇದರ ವಿಮರ್ಶೆಗಳ ಕೆಳಗೆ ಬರೆದವರ ಹೆಸರಿರುವುದಿಲ್ಲ, ಪತ್ರಿಕೆಯೇ ಮಾತಾಡುತ್ತದೆ. ಹತ್ತಕ್ಕೆ ಹತ್ತು ಕೊಡಲು ಅದು ಮೂರು ವರ್ಷ ಕೈ ಬಿಗಿಹಿಡಿದಿತ್ತು. 1996ರಲ್ಲಿ ಆ ಬಿಗಿ ಸಡಿಲಿಸಿದ್ದು ‘ಸೂಪರ್ ಮಾರಿಯೋ 64’.

ಯಾಕೆ ಸಡಿಲಿಸಿತು ಎಂಬುದು ಹೆಬ್ಬೆರಳಿಗೆ ಗೊತ್ತು. ನಿಂಟೆಂಡೋ 64ರ ಆ ಪುಟ್ಟ ಕಡ್ಡಿಯನ್ನು ಪೂರ್ತಿ ದೂಡಿದರೆ ಮಾರಿಯೋ ಓಡುತ್ತಾನೆ. ಅರ್ಧ ದೂಡಿದರೆ ನಡೆಯುತ್ತಾನೆ. ಇನ್ನೂ ಮೆಲ್ಲಗೆ, ಕೂಸಿನ ಕೆನ್ನೆ ಸವರಿದಷ್ಟು ಮೆಲ್ಲಗೆ ತಾಗಿಸಿದರೆ, ತುದಿಗಾಲಲ್ಲಿ ಹೆಜ್ಜೆ ಇಡುತ್ತಾನೆ. ದಾರಿಯಲ್ಲೊಂದು ಹಲ್ಲಿನ ಹೂಗಿಡ ಮಲಗಿದೆ. ಹತ್ತಿರ ಹೋದಂತೆ ಸಂಗೀತ ಜೋಗುಳವಾಗಿ ಕರಗುತ್ತದೆ. ಓಡಿದಿರೋ, ಎದ್ದು ಕಚ್ಚುತ್ತದೆ. ತುದಿಗಾಲಲ್ಲಿ ದಾಟಿದಿರೋ, ಅದರ ಪಾಡಿಗೆ ಅದು ನಿದ್ದೆ. ಯಾರೋ ಒಬ್ಬ ಕುಶಲಿ ಹೆಬ್ಬೆರಳಿನ ಕೂದಲೆಳೆಯಷ್ಟು ಒತ್ತಡಕ್ಕೂ ಒಂದು ಅರ್ಥ ಇಟ್ಟಿದ್ದಾನೆ. ಇದನ್ನು ಅಕ್ಷರಕ್ಕಿಳಿಸುವುದು ಸುಮ್ಮನೆಯೆ? ಕೈಯಲ್ಲಿ ಹಿಡಿದು ನೋಡದವನಿಗೆ ಕೈಯ ಸುಖವನ್ನು ಕಣ್ಣಿನ ಮೂಲಕ ದಾಟಿಸಬೇಕು. ಅಂಥ ಒಂದು ಪ್ಯಾರಾ ಸಿಕ್ಕಿದರೆ ನಾನು ಪುಟ ತಿರುಗಿಸದೆ ಇನ್ನೊಮ್ಮೆ ಮೊದಲಿಂದ ಓದುತ್ತೇನೆ, ಕಾಫಿ ಆರಿದರೂ ಪರವಾಗಿಲ್ಲ.

ಹೀಗೆ ಓದುವಾಗೆಲ್ಲ ನೆನಪಾಗುವುದು ತುಂಗೆಯ ದಡದ ಹೊಸಹಳ್ಳಿಯ ಗಮಕ. ಎಚ್.ಆರ್. ಕೇಶವಮೂರ್ತಿಯವರು ಕುಮಾರವ್ಯಾಸನ ಷಟ್ಪದಿಯನ್ನು ವಾಚಿಸಿ ನಿಲ್ಲಿಸಬೇಕು, ಮತ್ತೂರು ಕೃಷ್ಣಮೂರ್ತಿಯವರು ವ್ಯಾಖ್ಯಾನ ಎತ್ತಿಕೊಳ್ಳಬೇಕು. ಆ ಜೋಡಿಯನ್ನು ಕೇಳಿದವರಿಗೆ ಬೇರೆ ಹೇಳಬೇಕಿಲ್ಲ. ಪದ್ಯ ಆಗಲೇ ಕಿವಿ ತುಂಬಿದೆ. ಆದರೂ ವ್ಯಾಖ್ಯಾನಕಾರ ಒಂದು ಶಬ್ದವನ್ನು ಬೆಳಕಿಗೆ ಹಿಡಿದು ತಿರುಗಿಸಿದಾಗ, ಅರೆ, ಇದು ಇಲ್ಲೇ ಇತ್ತೇ ಎನಿಸುತ್ತದೆ. ಆಟ ವಾಚನ, ವಿಮರ್ಶೆ ವ್ಯಾಖ್ಯಾನ. ಗಮಕದ ಸಭೆಯಿಂದ ಎದ್ದು ಬರುವವರನ್ನು ‘ಷಟ್ಪದಿಗೆ ಎಷ್ಟು ಬಂತು?’ ಎಂದು ಕೇಳುವವರುಂಟೆ?

ಅಂಕವನ್ನೇ ಕಲೆಯಾಗಿಸಿದವರು ಜಪಾನಿನವರು. 1986ರಲ್ಲಿ ಶುರುವಾದ ‘ಫಾಮಿತ್ಸು’ ಪತ್ರಿಕೆಯಲ್ಲಿ ಒಂದೊಂದು ಆಟಕ್ಕೂ ನಾಲ್ವರು ವಿಮರ್ಶಕರು, ತಲಾ ಹತ್ತರಂತೆ ಒಟ್ಟು ನಲವತ್ತು. ಪ್ರತಿಯೊಬ್ಬರಿಗೂ ಅಂಗೈಯಗಲದ ಜಾಗ. ಅಷ್ಟರಲ್ಲೇ ಹೇಳಿ ಮುಗಿಸಬೇಕು. ಮೊದಲ ಪೂರ್ಣ ನಲವತ್ತು ಬಿದ್ದದ್ದು 1998ರಲ್ಲಿ, ‘ಜೆಲ್ಡಾ: ಒಕರಿನಾ ಆಫ್ ಟೈಮ್’ಗೆ. ಹನ್ನೆರಡು ವರ್ಷ ಕಾದ ಅಂಕ! ನನಗೆ ಜಪಾನಿ ಬಾರದು. ಫೋನಿನ ಕ್ಯಾಮೆರಾ ಹಿಡಿದು, ಅದು ಉಗುಳುವ ಮುರುಕು ಅನುವಾದದಲ್ಲೇ ಸವಿಯುತ್ತೇನೆ. ನಿಜ ಹೇಳಬೇಕೆಂದರೆ ನಾಲ್ಕು ಹತ್ತುಗಳ ಸಾಲಿಗಿಂತ ಮೂರು ಒಂಬತ್ತುಗಳ ಪಕ್ಕ ಮೊಂಡು ಹಿಡಿದು ಕೂತ ಒಂದು ಆರು ನನಗೆ ಹೆಚ್ಚು ಪ್ರಿಯ. ಆ ನಾಲ್ಕನೆಯವನಿಗೆ ಏನಾಯಿತು? ಮೊದಲು ಅವನ ಚೌಕವನ್ನೇ ಓದುತ್ತೇನೆ.

ಇನ್ನು ಏಳು. ಹತ್ತಕ್ಕೆ ಆರತಿ ಎತ್ತುತ್ತಾರೆ, ಮೂರಕ್ಕೆ ಚಾಟಿ ಬೀಸುತ್ತಾರೆ, ಎರಡೂ ಸುಲಭ. ಏಳು ಕೊಟ್ಟವನು ಮಾತ್ರ ಕೂತು ಯೋಚಿಸಿರುತ್ತಾನೆ. ಇಷ್ಟವಾದದ್ದು ಎಲ್ಲಿ, ಕಾಲು ಎಡವಿದ್ದು ಎಲ್ಲಿ, ಎರಡನ್ನೂ ತೂಗಿ ಬರೆಯಬೇಕು. ಏಳರ ವಿಮರ್ಶೆಗೆ ಒಗರು, ಸಿಹಿ, ಹುಳಿ ಮೂರೂ ಇರುವ ಅಪ್ಪೆಮಿಡಿಯ ಗುಣ. 1994ರಲ್ಲಿ ‘ಎಡ್ಜ್’ ‘ಡೂಮ್’ ಆಟಕ್ಕೆ ಕೊಟ್ಟದ್ದು ಏಳು. ಕಂಡಕಂಡ ಪಿಶಾಚಿಗೆ ಗುಂಡು ಹೊಡೆಯುವುದೇ ಆ ಆಟದ ಉಸಿರು. ವಿಮರ್ಶಕ ಮಾತ್ರ, ಈ ಪ್ರಾಣಿಗಳ ಜೊತೆ ಮಾತಾಡುವಂತಿದ್ದರೆ, ಸ್ನೇಹ ಬೆಳೆಸುವಂತಿದ್ದರೆ ಎಂದು ಕನವರಿಸಿದ. ಗೇಮ್ ಲೋಕ ಹೊಟ್ಟೆ ಹಿಡಿದುಕೊಂಡು ನಕ್ಕಿತು, ಈಗಲೂ ನಗುತ್ತದೆ. ನಾನು ನಗಲಾರೆ. 1987ರಷ್ಟು ಹಿಂದೆಯೇ ಜಪಾನಿನ ‘ಮೆಗಾಮಿ ತೆನ್ಸೇ’ಯಲ್ಲಿ ಭೂತಗಳ ಜೊತೆ ಚೌಕಾಸಿ ಮಾಡಿ ಅವನ್ನು ತನ್ನ ಪಾಳಯಕ್ಕೆ ಸೇರಿಸಿಕೊಳ್ಳಬಹುದಿತ್ತು. 2015ರ ‘ಅಂಡರ್‌ಟೇಲ್’ನಲ್ಲಂತೂ ಒಂದು ಜೀವವನ್ನೂ ಕೊಲ್ಲದೆ, ಮಾತಾಡಿಸಿ, ಮುದ್ದುಮಾಡಿ ಕೊನೆ ಮುಟ್ಟಬಹುದು. ಭೂತಕ್ಕೆ ಕೋಲ ಕಟ್ಟಿ ಕಷ್ಟಸುಖ ಹೇಳಿಕೊಳ್ಳುವ ಸೀಮೆ ಘಟ್ಟದ ಕೆಳಗೇ ಇರುವಾಗ ನಾವು ಆ ವಿಮರ್ಶಕನನ್ನು ನೋಡಿ ನಗಬಾರದು.

ಮೆಟಾಕ್ರಿಟಿಕ್ ಎಂಬುದು 2001ರಿಂದ ಎಲ್ಲರ ಅಂಕಗಳನ್ನೂ ಒಟ್ಟುಹಾಕಿ ನೂರಕ್ಕೆ ಇಷ್ಟೆಂದು ಸರಾಸರಿ ಕೊಡುತ್ತದೆ. ‘ಒಕರಿನಾ’ಕ್ಕೆ ಅಲ್ಲಿ 99. ಅನುಕೂಲವೇನೋ ಹೌದು. ಆದರೆ ನಾಲ್ಕನೆಯವನ ಆರು ಅಲ್ಲಿ ಹೆಸರಿಲ್ಲದೆ ಕರಗಿಹೋಗುತ್ತದೆ. ನಮ್ಮ ಅಡಿಕೆ ಮಂಡಿಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲನ್ನು ಒಂದೇ ಚೀಲಕ್ಕೆ ಸುರಿದು ಸರಾಸರಿ ದರ ಕೂಗಿದರೆ ಬೆಳೆಗಾರ ಒಪ್ಪುತ್ತಾನೆಯೆ? ಒಂದು ಅಡಿಕೆ ಎತ್ತಿ, ಹೋಳು ಮಾಡಿ, ಒಳಗಿನ ಬಣ್ಣ ನೋಡಿ ಮಾತಾಡುವವನಿಗೇ ಅಲ್ಲಿ ಮರ್ಯಾದೆ. 2015ರಲ್ಲಿ ‘ಯೂರೋಗೇಮರ್’ ಅಂಕ ಕೊಡುವುದನ್ನೇ ನಿಲ್ಲಿಸಿತ್ತು. 2023ರಲ್ಲಿ ಐದು ನಕ್ಷತ್ರಗಳೊಂದಿಗೆ ಮರಳಿತು. ಉಪ್ಪಿಲ್ಲದ ಎಲೆ ಬೋಳೆನಿಸಿರಬೇಕು.

ಪುಣೆಯವರು ಕಟ್ಟಿದ ‘ರಾಜಿ’ 2020ರಲ್ಲಿ ನಿಂಟೆಂಡೋ ಸ್ವಿಚ್‌ಗೆ ಬಂದಾಗ ವಿಮರ್ಶಕರು ಅದರ ಚಿತ್ರಸೌಂದರ್ಯಕ್ಕೆ ಮನಸೋತರು. ಕಾಳಗ ಒರಟು, ಆಟ ಗಿಡ್ಡ ಎಂದು ಗೊಣಗಿದವರೂ ಇದ್ದರು. ಒಪ್ಪೋಣ. ಆದರೆ ಕಥೆಯ ನಡುನಡುವೆ ನೆರಳುಗೊಂಬೆಗಳು ಕೈಕಾಲು ಆಡಿಸುವ ದೃಶ್ಯ ಬರುತ್ತದಲ್ಲ, ತೊಗಲುಗೊಂಬೆಯಾಟ ನೋಡಿ ಬೆಳೆದ ನನ್ನಂಥವನಿಗೆ ಆ ಮಿಣುಕು ಬೆಳಕಿನ ವಾಸನೆಯೂ ಬಂದಂತಾಯಿತು. ಎಳ್ಳೆಣ್ಣೆಯದೇ ಇರಬೇಕು.

ಮೊನ್ನೆ ಅಳಿಯ ಬಂದಾಗ ಮತ್ತೆ ಅದೇ ಪ್ರಶ್ನೆ. ನಾನು ಅಂಕ ಹೇಳಲಿಲ್ಲ. ತುದಿಗಾಲಿನ ವಿಷಯ ಹೇಳಿ, ಅವನ ಸ್ವಿಚ್‌ನಲ್ಲೇ ಇದ್ದ ಹಳೆಯ ಮಾರಿಯೋವನ್ನು ತೆರೆಸಿದೆ. ಮೂರು ಸಲ ಓಡಿ ಮೂರು ಸಲ ಕಚ್ಚಿಸಿಕೊಂಡ. ನಾಲ್ಕನೆಯ ಸಲ ಬೆನ್ನು ಬಗ್ಗಿತು, ನಾಲಿಗೆಯ ತುದಿ ತುಟಿಯಂಚಿಗೆ ಬಂತು, ಹೆಬ್ಬೆರಳು ಅಲುಗಿತೋ ಇಲ್ಲವೋ ಎಂಬಂತೆ ಅಲುಗಿತು. ಜೋಗುಳ ಶುರುವಾಯಿತು. ಇದೇ, ಇದೇ ಎಂದು ಹೇಳಲು ನಾನು ಬಾಯಿ ತೆರೆದೆ.

‘ಶ್! ಮಾವ, ಮಾತಾಡ್ಬೇಡಿ,’ ಎಂದ ಪಿಸುದನಿಯಲ್ಲಿ. ‘ಎದ್ಬಿಡುತ್ತೆ.’