ಕೆಂಪು ನೀರಿಗೆ ಕಟ್ಟಿದ ಗೋಡೆ

ನಮ್ಮ ಕೋಗಳಿ ಸೀಮೆಯಲ್ಲಿ ಕಲ್ಲಿದ್ದಲಿಲ್ಲ. ಮಗ್ಗುಲಲ್ಲಿರುವುದು ಬಳ್ಳಾರಿಯ ಸಂಡೂರಿನ ಕಬ್ಬಿಣದ ಬೆಟ್ಟಗಳು. ಆದರೂ ಗಣಿಯ ನೀರಿನ ಮಾತಿಗೆ ಮೊದಲು ಕಲ್ಲಿದ್ದಲಿನ ನಾಡೊಂದನ್ನು ನೋಡೋಣ. ಮೇಘಾಲಯದ ಜೈಂತಿಯಾ ಬೆಟ್ಟಗಳ ಕಲ್ಲಿದ್ದಲಿನಲ್ಲಿ ಗಂಧಕ ಹೆಚ್ಚು. ಅಗೆದ ಕುಳಿಯಲ್ಲಿ ಪೈರೈಟ್ ಎಂಬ ಕಬ್ಬಿಣ-ಗಂಧಕದ ಖನಿಜಕ್ಕೆ ಗಾಳಿ, ನೀರು ತಾಕಿದರೆ ಗಂಧಕಾಮ್ಲ ಹುಟ್ಟುತ್ತದೆ. ಅಲ್ಲಿನ ಲೂಖಾ ನದಿ ಚಳಿಗಾಲದಲ್ಲಿ ನೀಲಿಯಾಗುತ್ತದೆ, ಮೀನು ಸಾಯುತ್ತವೆ. 2014ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇಲಿಬಿಲ ಗಣಿಗಾರಿಕೆ ನಿಷೇಧಿಸಿತು. ಆದರೆ ಪಾಳುಬಿದ್ದ ಕುಳಿಗಳು ಆದೇಶ ಓದುವುದಿಲ್ಲವಲ್ಲ, ಆಮ್ಲ ಜಿನುಗುತ್ತಲೇ ಇತ್ತು.

ಸಂಡೂರಿನ ಅದಿರು ಬಹುಪಾಲು ಹೆಮಟೈಟ್. ಗಂಧಕ ಕಡಿಮೆ, ಆಮ್ಲದ ಭಯವೂ ಕಡಿಮೆ. ಇಲ್ಲಿಯ ರೋಗ ಹಳ್ಳವನ್ನು ಕೆಂಪಾಗಿಸುವ ಹೂಳು. 2011ರ ಜುಲೈನಲ್ಲಿ ಬಳ್ಳಾರಿ ಗಣಿಗಳನ್ನು ನಿಲ್ಲಿಸಿದ ಸುಪ್ರೀಂ ಕೋರ್ಟ್, ಆಮೇಲೆ ಪ್ರತಿ ಗುತ್ತಿಗೆಗೂ ಆರ್ ಅಂಡ್ ಆರ್, ಅಂದರೆ ಗಣಿ ನೆಲದ ಪುನಶ್ಚೇತನ ಮತ್ತು ಪುನರ್ವಸತಿ ಯೋಜನೆಯನ್ನು ಕಡ್ಡಾಯ ಮಾಡಿತು. ಮಣ್ಣುಗುಡ್ಡೆಯ ಬುಡಕ್ಕೆ ತಡೆಗೋಡೆ, ಸುತ್ತ ಕಾಲುವೆ, ಕೊರಕಲಿಗೆ ಕಲ್ಲೊಡ್ಡು, ಹಳ್ಳಕ್ಕೆ ಚೆಕ್ ಡ್ಯಾಂ. ಬೆಟ್ಟವನ್ನು ರಿಪೇರಿ ಮಾಡದೆ ಅದಿರು ಎತ್ತುವಂತಿಲ್ಲ ಎಂಬ ಷರತ್ತಿಗೆ ನಾನು ಪೂರ್ಣ ಅಂಕ ಕೊಡುತ್ತೇನೆ. ಅಷ್ಟು ಬಿಗಿ ನಮ್ಮಲ್ಲಿ ಅಪರೂಪ.

ತಕರಾರು ಬೇರೆ ಕಡೆ. ಗುತ್ತಿಗೆಗೊಂದು ಯೋಜನೆ ಎಂದರೆ ಹಳ್ಳವನ್ನೂ ಗುತ್ತಿಗೆಯಂತೆ ಹೋಳು ಮಾಡಿದಂತೆ. ಮೇಲಿನವನ ಕಾಲುವೆ ಕೆಳಗಿನವನ ಒಡ್ಡಿಗೆ ಬಂದು ಬೀಳುತ್ತದೆ. ಕೊನೆಗೆ ಸಂಡೂರಿನ ನಾರಿಹಳ್ಳಕ್ಕೆ ಸೇರುವ ನೀರಿಗೆ ಹೊಣೆ ಯಾರದು? ಚೆಕ್ ಡ್ಯಾಂ ಕಟ್ಟುವುದು ಒಮ್ಮೆಯ ಕೆಲಸ, ಹೂಳೆತ್ತುವುದು ಪ್ರತಿ ಮುಂಗಾರಿಗೆ ಮುಂಚಿನ ಕೆಲಸ. ತುಂಬಿದ ಚೆಕ್ ಡ್ಯಾಂ ಎಂದರೆ ನೀರು ಇಳಿಯಲು ಒಂದು ಮೆಟ್ಟಿಲು, ಅಷ್ಟೇ. ಯೋಜನೆಯ ಒತ್ತು ಮಾತ್ರ ಕಟ್ಟುವುದರ ಮೇಲೆ ಬಿದ್ದಿದೆ. ಕಟ್ಟಿದ್ದಕ್ಕೆ ಬಿಲ್ಲಾಗುತ್ತದೆ, ಫೋಟೋ ತೆಗೆಯಬಹುದು.

ಇನ್ನೊಂದು ಕುರುಡುತನ, ನೀರನ್ನು ಬಣ್ಣದಿಂದ ಅಳೆಯುವುದು. ಕೆಂಪು ಇಳಿಯಿತೋ, ಹಳ್ಳ ಗುಣವಾಯಿತು ಎಂದು ಲೆಕ್ಕ. ಬೋರ್‌ವೆಲ್‌ನ ತಿಳಿನೀರಲ್ಲೇ ಫ್ಲೋರೈಡ್ ಕುಡಿದ ಕೂಡ್ಲಿಗಿ ಕಡೆಯವರಿಗೆ ಈ ಲೆಕ್ಕ ಒಪ್ಪಿಸುವುದು ಕಷ್ಟ. ಆಮ್ಲದ ನೀರೂ ಎಷ್ಟೋ ಸಲ ಕನ್ನಡಿಯಂತೆ ತಿಳಿಯಾಗಿರುತ್ತದೆ. ಸಂಡೂರಲ್ಲಿ ಮ್ಯಾಂಗನೀಸ್ ಗಣಿಗಳೂ ಇವೆ. ಕರಗಿದ ಮ್ಯಾಂಗನೀಸನ್ನು ಯಾವ ಕಲ್ಲೊಡ್ಡೂ ತಡೆಯದು.

ಗೋಡೆ, ಒಡ್ಡುಗಳ ಇದೇ ಮಾದರಿಯನ್ನು ರಾಜ್ಯದ ಬೇರೆ ಗಣಿಗಳಿಗೂ ಎತ್ತಿಕೊಂಡು ಹೋಗುವ ಮುನ್ನ ಚಿತ್ರದುರ್ಗದ ಇಂಗಳದಾಳ್ ತಾಮ್ರದ ಗಣಿಯನ್ನು ನೆನೆಯಬೇಕು. ಅಲ್ಲಿಯ ಅದಿರು ಗಂಧಕ ಬೆರೆತದ್ದು, ಜೊತೆಗೆ ಪೈರೈಟ್. ಅಲ್ಲಿ ಗೋಡೆಗಿಂತ ಮೊದಲು ಬೇಕಾದ್ದು ನೀರಿನ ಪಿಎಚ್ ಪರೀಕ್ಷೆ, ಆಮೇಲೆ ಆಮ್ಲ ತಣಿಸಲು ಸುಣ್ಣಕಲ್ಲು.